ಊರಿನ ಬಿಸಿಲು, ಗುಡಿಯ ದೀಪ

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಕಿಂಗ್ಸ್ ಕಾಲೇಜಿನ ಚಾಪೆಲ್‌ಗೆ ಐನೂರು ವರ್ಷ ದಾಟಿದೆ. 2023ರ ನವೆಂಬರಿನಲ್ಲಿ ಅದರ ಚಾವಣಿಯ ಮೇಲೆ 438 ಸೋಲಾರ್ ಪ್ಯಾನೆಲ್‌ಗಳು ಕೂತವು. ಪರಂಪರೆ ಕಾಯುವ ಹಿಸ್ಟಾರಿಕ್ ಇಂಗ್ಲೆಂಡ್ ಆಕ್ಷೇಪ ಎತ್ತಿದ್ದರೂ ನಗರಸಭೆ ಒಪ್ಪಿಗೆ ಕೊಟ್ಟಿತ್ತು. ಗ್ಲಾಸ್ಟರ್ ಕೆಥೆಡ್ರಲ್ 2016ರಲ್ಲೇ 150 ಪ್ಯಾನೆಲ್ ಹಾಕಿಸಿಕೊಂಡು ಕರೆಂಟ್ ಖರ್ಚನ್ನು ಸುಮಾರು ಕಾಲು ಭಾಗ ಇಳಿಸಿಕೊಂಡಿತು. 2030ರೊಳಗೆ ಇಂಗಾಲದ ಹೊರೆ ಇಳಿಸಿಕೊಳ್ಳುವುದಾಗಿ ಇಂಗ್ಲೆಂಡಿನ ಚರ್ಚ್ ಸಭೆ 2020ರಲ್ಲಿ ನಿರ್ಣಯ ಮಾಡಿತು. ಅದಕ್ಕಾಗಿ 19 ಕೋಟಿ ಪೌಂಡ್ ಎತ್ತಿಟ್ಟಿತು ಕೂಡ.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಹಳೆಯ ಗುಡಿ, ಚರ್ಚುಗಳಿಗೂ ಇದೇ ಆಗಬೇಕೆಂಬ ಆಸೆ ಹುಟ್ಟುತ್ತದೆ. ಆಸೆ ಒಳ್ಳೆಯದೇ. ಆದರೆ ಕೇಂಬ್ರಿಜ್‌ನಲ್ಲಿ ಅದು ಕೈಗೂಡಿದ್ದಕ್ಕೆ ಕಾರಣಗಳಿದ್ದವು. ಚಾವಣಿಯ ಹಳೆಯ ಸೀಸದ ತಗಡನ್ನು ಹೇಗೂ ಬದಲಿಸಬೇಕಿತ್ತು, ಅಟ್ಟಣಿಗೆ ಕಟ್ಟಿಯಾಗಿತ್ತು. ಸುತ್ತಲಿನ ಎತ್ತರದ ಕೈಪಿಡಿ ಗೋಡೆಯಿಂದಾಗಿ ನೆಲದಲ್ಲಿ ನಿಂತವರ ಕಣ್ಣಿಗೆ ಪ್ಯಾನೆಲ್ ಬೀಳುವುದು ಕಡಿಮೆ. ಹಣ ಕೊಡಲು ದಾನಿಗಳೂ ಇದ್ದರು. ಈ ಅನುಕೂಲಗಳಿಲ್ಲದ ಕಡೆ ಅದೇ ಕೆಲಸವನ್ನು ನಕಲು ಮಾಡಿದರೆ ಕಟ್ಟಡವೇ ದಂಡ ತೆರಬೇಕಾಗುತ್ತದೆ.

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೊರಟರೆ ಅನಂತಶಯನಗುಡಿ ದಾಟಿದ ಮೇಲೆ ಮಲಪನಗುಡಿ ಸಿಗುತ್ತದೆ. ಮಲ್ಲಿಕಾರ್ಜುನನ ಹಳೆಯ ಗುಡಿ, ವಿಜಯನಗರ ಕಾಲದ ಬಾವಿ, ಅವುಗಳ ಸುತ್ತ ಇಂದಿನ ಮನೆ, ಅಂಗಡಿ, ಶಾಲೆ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯ ಊರಿದು. ಇಲ್ಲಿನ ಗುಡಿಗಳ ಮಾಳಿಗೆಯ ರಚನೆ ನೋಡಿದರೆ ಸಾಕು, ಅದರ ಮೇಲೆ ಪ್ಯಾನೆಲ್ ಕೂರಿಸಬಹುದೇ ಎಂಬ ತೀರ್ಪಿನ ಅರ್ಧ ಭಾಗ ಅಲ್ಲೇ ಸಿಗುತ್ತದೆ. ಕಲ್ಲುಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚು. ಮಳೆನೀರನ್ನು ತಡೆಯುವುದು ಈ ಗಚ್ಚೇ. ಪ್ಯಾನೆಲ್ಲಿನ ಕಬ್ಬಿಣದ ಚೌಕಟ್ಟಿಗಾಗಿ ಅದರಲ್ಲಿ ಬೋಲ್ಟ್ ಕೊರೆದರೆ ನೀರು ಒಳಗಿಳಿಯಲು ದಾರಿ ಮಾಡಿಕೊಟ್ಟಂತೆ. ಕೊರೆಯದೆ ಕಾಂಕ್ರೀಟ್ ದಿಮ್ಮಿಯ ಭಾರದಿಂದ ನಿಲ್ಲಿಸಬಹುದು ಎನ್ನುವವರಿದ್ದಾರೆ. ಆ ಭಾರವನ್ನು ಹೊರುವುದು ಈಗಾಗಲೇ ಬಿರುಕು ಬಿಟ್ಟಿರುವ ತೊಲೆಗಳು. 2024ರ ಮೇ ತಿಂಗಳ ಮಳೆಗೆ ಹಂಪಿಯ ವಿರೂಪಾಕ್ಷ ಗುಡಿಯ ಸಾಲುಮಂಟಪದ ಒಂದು ಭಾಗ ಕುಸಿದದ್ದು ಈ ಸೀಮೆಯವರಿಗೆ ಮರೆತಿಲ್ಲ.

ಕಣ್ಣಿಗೆ ಕಾಣುವ ನೋಟದ ಪ್ರಶ್ನೆಯೂ ಸಣ್ಣದಲ್ಲ. ತುಂಗಭದ್ರೆಗೆ ಅಡ್ಡವಾಗಿ ಕಟ್ಟತೊಡಗಿದ ಸೇತುವೆಗಳ ಕಾರಣಕ್ಕೆ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಹೊರಬರಲು 2006 ಆಗಬೇಕಾಯಿತು. ಗುಡಿಯ ಮೇಲಿನ ಪ್ಯಾನೆಲ್‌ಗೂ ಅಂಥದೇ ಆಕ್ಷೇಪ ಬಂದೀತು.

ಕರಾವಳಿಯ ಚರ್ಚುಗಳ ಕಷ್ಟ ಬೇರೆ ಬಗೆಯದು, ಉತ್ತರ ಮಾತ್ರ ಅದೇ: ಮಾಡಿನ ಮೇಲೆ ಪ್ಯಾನೆಲ್ ಬೇಡ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಒಳಮಾಡಿನ ತುಂಬ ಆಂಟೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಯಲ್ಲಿ ಬರೆಯತೊಡಗಿದ ಚಿತ್ರಗಳಿವೆ. ಅಂಥ ಮಾಡಿನ ಮೇಲೆ ಕೆಲಸಗಾರರನ್ನು ಹತ್ತಿಸಿ ಒಂದೆರಡು ಹೆಂಚು ಒಡೆದರೂ ಒಂದೇ ಮಳೆಗಾಲದಲ್ಲಿ ಆಗುವ ನಷ್ಟವನ್ನು ಎಷ್ಟು ಯೂನಿಟ್ ಕರೆಂಟೂ ತುಂಬಿಕೊಡಲಾರದು. ಇಟಲಿಯ ಪೊಂಪೈಯಲ್ಲಿ ಸುಟ್ಟ ಮಣ್ಣಿನ ಹೆಂಚಿನಂತೆಯೇ ಕಾಣುವ ಸೋಲಾರ್ ಹೆಂಚು ಹೊದಿಸಿದ್ದಾರೆ. ನೋಟದ ತೊಡಕನ್ನು ಅದು ಚೆನ್ನಾಗಿಯೇ ಬಿಡಿಸಿದೆ. ಆದರೆ ಸಾಧಾರಣ ಪ್ಯಾನೆಲ್ಲಿಗಿಂತ ದುಬಾರಿ. ಹಳ್ಳಿಯ ಚರ್ಚಿನ ಕೈಗೆ ಎಟುಕುವಂಥದ್ದಲ್ಲ.

ಹಾಗಾದರೆ ಪ್ಯಾನೆಲ್ ಎಲ್ಲಿಡಬೇಕು? ವ್ಯಾಟಿಕನ್ ತೋರಿಸಿದ ವಿವೇಕ ಇಲ್ಲಿ ನೆನೆಯುವಂಥದ್ದು. ಸಂತ ಪೀಟರ್ ಬೆಸಿಲಿಕಾದ ಗುಮ್ಮಟವನ್ನು ಮುಟ್ಟದೆ, ಪಕ್ಕದಲ್ಲೇ ಇರುವ 1971ರ ಸಭಾಭವನದ ಮೇಲೆ 2008ರಲ್ಲಿ ಸುಮಾರು 2,400 ಪ್ಯಾನೆಲ್ ಹಾಕಿದರು. ಗುಜರಾತಿನ ಮೊಢೇರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಸೂರ್ಯ ದೇವಾಲಯ 11ನೇ ಶತಮಾನದ್ದು. 2022ರ ಅಕ್ಟೋಬರಿನಲ್ಲಿ ಆ ಊರು ಹಗಲಿರುಳೂ ಸೌರವಿದ್ಯುತ್ ಪಡೆಯುವ ದೇಶದ ಮೊದಲ ಗ್ರಾಮವೆಂದು ಘೋಷಣೆಯಾಯಿತು. 6 ಮೆಗಾವ್ಯಾಟ್‌ನ ಘಟಕ ಇರುವುದು ಹತ್ತಿರದ ಸುಜ್ಜನ್‌ಪುರದಲ್ಲಿ. ಮೊಢೇರಾದ ಸಾವಿರಕ್ಕೂ ಹೆಚ್ಚು ಮನೆಗಳ ಮೇಲೆ 1 ಕಿಲೋವ್ಯಾಟ್‌ನ ಪ್ಯಾನೆಲ್‌ಗಳಿವೆ. ದೇವಾಲಯದ ಸಂಜೆಯ ಬೆಳಕು ಈ ಸೌರವಿದ್ಯುತ್ತಿನದೇ, ಕಲ್ಲಿಗೆ ಮಾತ್ರ ಒಂದು ಮೊಳೆಯೂ ತಾಗಿಲ್ಲ. ಇದು ನಿಜಕ್ಕೂ ಮೆಚ್ಚುವ ಕೆಲಸ. ಅದರ ಕೊರತೆಯನ್ನೂ ಹೇಳಲೇಬೇಕು: ತಗಲಿದ 80 ಕೋಟಿ ರೂಪಾಯಿಯನ್ನು ಕೇಂದ್ರ, ರಾಜ್ಯ ಎರಡೂ ಅರ್ಧರ್ಧ ಭರಿಸಿದವು. ಎಲ್ಲ ಊರಿಗೂ ಹೀಗೆ ಸುರಿಯಲು ಹಣ ಎಲ್ಲಿದೆ?

ಮಲಪನಗುಡಿಯ ಸುತ್ತ ಅಂಥ ದೊಡ್ಡ ಘಟಕ ಬೇಡವೇ ಬೇಡ. ಇಲ್ಲಿ ಖಾಲಿ ಎಂದು ಕಾಣುವ ನೆಲದ ಕೆಳಗೆ ಹಳೆಯ ಪಟ್ಟಣದ ಅಡಿಪಾಯಗಳಿರಬಹುದು. ಬಾಳೆ, ಕಬ್ಬು ಬೆಳೆಯುವ ಗದ್ದೆಗಳಿಗೆ ಇವತ್ತಿಗೂ ವಿಜಯನಗರದ ಕಾಲುವೆಗಳೇ ನೀರುಣಿಸುತ್ತವೆ. ಆ ಹಸಿರೂ ಪರಂಪರೆಯ ಭಾಗವೇ. ಉಳಿಯುವುದು ಊರಿನ ಕಾಂಕ್ರೀಟ್ ತಾರಸಿಗಳು.

ಸಣ್ಣ ಗುಡಿಗೆ ಬೇಕಾದದ್ದೂ ಸಣ್ಣದೇ. ಹತ್ತಾರು ಎಲ್‌ಇಡಿ ಬಲ್ಬು, ಮೈಕು, ನೀರಿನ ಮೋಟಾರು. ಈ ಬಿಸಿಲಿನಲ್ಲಿ 1 ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ನೂರು ಚದರಡಿ ಜಾಗ ಸಾಕು. ಸಂಡೂರಿನ ಅದಿರು ಲಾರಿಗಳ ಕೆಂಧೂಳು ಕೂತರೆ ಮಾತ್ರ ಇಳುವರಿ ಬೀಳುತ್ತದೆ. ತಪ್ಪದೆ ಒರೆಸುವ ಕೈಗಳೂ ಕೋತಿಗಳಿಂದ ಕಾಪಾಡುವ ಜಾಲರಿಯೂ ಬೇಕು.

ಇಷ್ಟು ಸಣ್ಣ ಕೆಲಸಕ್ಕೂ ಹಣದ ದಾರಿ ಸುಗಮವಾಗಿಲ್ಲ. 2024ರ ಪಿಎಂ ಸೂರ್ಯಘರ್ ಯೋಜನೆ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೂ ಮೇಲೆ 78,000 ರೂಪಾಯಿ ಸಹಾಯಧನ ಕೊಡುತ್ತದೆ, ಆದರೆ ವಾಸದ ಮನೆಗಳಿಗೆ ಮಾತ್ರ. ಗುಡಿ, ಚರ್ಚು, ಮಸೀದಿ ಯಾವುದಕ್ಕೂ ಅದು ಸಿಗುವುದಿಲ್ಲ. ಸಿಗುವ ಮನೆಗಳಿಗೋ ಅವಸರವಿಲ್ಲ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದಿರುವಾಗ ಬಡವರು ಸಾಲ ಮಾಡಿ ಪ್ಯಾನೆಲ್ ಹಾಕಿಸಿಕೊಳ್ಳುವುದೇಕೆ? ಇನ್ನು ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯದ ಮುಜರಾಯಿ ‘ಸಿ’ ವರ್ಗದ ಗುಡಿಗಳು ತಸ್ತೀಕಿನ ಹಣದಲ್ಲಿ ನಿತ್ಯಪೂಜೆ ನಡೆಸಿದರೆ ಅದೇ ಹೆಚ್ಚು.

ಕಾನೂನಿನಲ್ಲೂ ಒಂದು ಮಸುಕು ಇದೆ. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆ 200 ಮೀಟರ್‌ವರೆಗೆ ನಿಯಂತ್ರಣ. ಸಾರ್ವಜನಿಕರಿಗೆ ವಿದ್ಯುತ್ ಪೂರೈಸುವ ಕಾಮಗಾರಿಯನ್ನು ಅದೇ ಕಾಯ್ದೆ ‘ನಿರ್ಮಾಣ’ದಿಂದ ಹೊರಗಿಟ್ಟಿದೆ. ಶಾಲೆಯ ತಾರಸಿಯ ಮೇಲಿನ ಪ್ಯಾನೆಲ್ ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ಅದರ ಮಾತುಗಳು ನೇರವಾಗಿ ಹೇಳುವುದಿಲ್ಲ.

ದೆಹಲಿಯಲ್ಲಿ 2019ರಿಂದ ಒಂದು ಕಡೆ ಉತ್ಪಾದಿಸಿದ ಯೂನಿಟ್ಟುಗಳನ್ನು ಹಲವು ಮೀಟರ್‌ಗಳ ಬಿಲ್ಲಿನಲ್ಲಿ ಹಂಚಿ ಕಳೆಯುವ ವ್ಯವಸ್ಥೆ ಇದೆ. ಮಲಪನಗುಡಿಗೆ ಹೊಂದುವುದು ಇದೇ. ಸ್ಮಾರಕದ ನೋಟಕ್ಕೆ ಅಡ್ಡಬಾರದ ಶಾಲೆ, ಪಂಚಾಯಿತಿ ಕಟ್ಟಡಗಳ ಮೇಲೆ ಪ್ಯಾನೆಲ್ ಬರಲಿ; ಗುಡಿಯ ಪಾಲಿನ ಬಂಡವಾಳವನ್ನು ಮುಜರಾಯಿ ಇಲಾಖೆ ಹಾಕಲಿ; ಯೂನಿಟ್ ಲೆಕ್ಕವನ್ನು ವಿದ್ಯುತ್ ಕಂಪನಿ ಜೆಸ್ಕಾಂ ಇಡಲಿ. ಯಾವ ತಾರಸಿಗೆ ಒಪ್ಪಿಗೆ, ಯಾವುದಕ್ಕಿಲ್ಲ ಎಂಬುದನ್ನು ಪ್ರಾಧಿಕಾರ ಮತ್ತು ಪುರಾತತ್ವ ಇಲಾಖೆ ಕೂಡಿ ಗುರುತಿಸಿ, ನಕ್ಷೆ ಸಮೇತ ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಗುಡಿಯ ಮಾಳಿಗೆಗೆ ಬೇಕಿರುವುದು ಸುಣ್ಣದ ಗಚ್ಚಿನ ದುರಸ್ತಿ. ಅದಕ್ಕೆ ಮೀಸಲಾದ ಹಣದಲ್ಲಿ ಒಂದು ರೂಪಾಯಿಯನ್ನೂ ಪ್ಯಾನೆಲ್‌ಗೆ ತಿರುಗಿಸಬಾರದು.