ವಂಶವೃಕ್ಷದ ಬೆಲೆ ತೆತ್ತವರು

ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' 1965ರಲ್ಲಿ ಪ್ರಕಟವಾಯಿತು. ಕಪಿಲೆಯ ದಂಡೆಯ ನಂಜನಗೂಡಿನ ಶ್ರೋತ್ರಿಯರ ಮನೆತನದ ಈ ಕತೆಯನ್ನು ನಾವು ಬಹುಕಾಲ ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷವೆಂದೇ ಓದಿದೆವು. ಊರೂರಲ್ಲೂ ಬಂಜೆತನ ಚಿಕಿತ್ಸೆಯ ಮಾತು ಕೇಳಿಬರುವ ಈ ದಿನಗಳಲ್ಲಿ ಮತ್ತೆ ಓದಿದರೆ ಬೇರೊಂದು ಪ್ರಶ್ನೆ ಕಾಡುತ್ತದೆ: ವಂಶ ಬೆಳೆಯಬೇಕೆಂಬ ಹಟಕ್ಕೆ ಬೆಲೆ ತೆತ್ತವರು ಯಾರು?

ಆಸ್ತಿ ಸೋದರನ ಪಾಲಾಗಬಾರದೆಂದು ಶ್ರೀನಿವಾಸ ಶ್ರೋತ್ರಿಯರ ತಂದೆ ತನ್ನ ಹೆಂಡತಿ ಪರಪುರುಷನಿಂದ ಗರ್ಭ ಧರಿಸುವಂತೆ ಮಾಡುತ್ತಾನೆ. ಶ್ರೋತ್ರಿಯರ ಹೆಂಡತಿ ಭಾಗೀರತಮ್ಮನಿಗೆ ಇನ್ನೊಂದು ಹೆರಿಗೆಯಾದರೆ ಪ್ರಾಣಕ್ಕೇ ಅಪಾಯ. ಮರುಮದುವೆಯಾದ ಸೊಸೆ ಕಾತ್ಯಾಯನಿ ಮತ್ತೆ ಮತ್ತೆ ಗರ್ಭಪಾತಕ್ಕೊಳಗಾಗಿ, ಅದನ್ನು ತನ್ನ ಪಾಪದ ಫಲವೆಂದು ನಂಬುತ್ತಾಳೆ. ಜನ್ಮರಹಸ್ಯ ತಿಳಿದ ಶ್ರೋತ್ರಿಯರ ತಳಮಳವನ್ನು ಕಾದಂಬರಿ ಆಳವಾಗಿ ಚಿತ್ರಿಸುತ್ತದೆ, ಅದರ ದೊಡ್ಡತನವೂ ಅಲ್ಲೇ ಇದೆ. ಆದರೆ ಅವರನ್ನು ಹೆತ್ತ ತಾಯಿಯ ತಳಮಳ ಏನಿತ್ತು? ಅಲ್ಲಿ ಕಾದಂಬರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನಾವೂ ನಿಲ್ಲುತ್ತಿಲ್ಲ. ಇಂದು ಗಂಡನ ವೀರ್ಯಾಣುಗಳ ಕೊರತೆಗಾಗಿ ಪ್ರನಾಳ ಶಿಶು ಚಿಕಿತ್ಸೆ ಮಾಡಿಸಿದರೂ ಹಾರ್ಮೋನಿನ ಚುಚ್ಚುಮದ್ದು ಬೀಳುವುದು ಹೆಂಡತಿಗೆ. ತಿಂಗಳಿಗೊಂದು ಅಂಡ ಬಲಿಯಬೇಕಾದ ಕಡೆ ಹತ್ತಾರು ಬಲಿಯುತ್ತವೆ. ಹಲವರಿಗೆ ಹೊಟ್ಟೆಯುಬ್ಬರ, ನೋವಿನಲ್ಲೇ ಮುಗಿಯುತ್ತದೆ. ಅಪರೂಪಕ್ಕೆ ಅಂಡಾಶಯ ವಿಪರೀತ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರಾಟ ಕಷ್ಟವಾಗಿ, ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು ಬರಬಹುದು. ಒಂದಕ್ಕಿಂತ ಹೆಚ್ಚು ಭ್ರೂಣ ಇರಿಸಿದರೆ ಅವಳಿ ತ್ರಿವಳಿಗಳಾಗಿ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ಗರ್ಭಕೋಶದ ಹೊರಗೆ ಗರ್ಭ ನಿಲ್ಲುವ ಅಪಾಯವೂ ಉಂಟು.

ಇದು ಚಿಕಿತ್ಸೆಯೇ ಬೇಡವೆನ್ನುವ ಮಾತಲ್ಲ. ಔಷಧಿಯ ಪ್ರಮಾಣ ನೋಡಿಕೊಂಡರೆ, ಒಂದೇ ಭ್ರೂಣ ಇರಿಸಿದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಆದರೆ ಅದನ್ನು ಕೇಳುವ ಧೈರ್ಯ ಆಕೆಗಿರಬೇಕು. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಬಹುಗರ್ಭದ ಅಪಾಯ ಎಲ್ಲವನ್ನೂ ದಂಪತಿಗೆ ತಿಳಿಸಬೇಕೆಂದು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ. ಅದೇ ನಂಜನಗೂಡು ತಾಲ್ಲೂಕಿನ ತಗಡೂರಿನಿಂದ ಒಡವೆ ಅಡವಿಟ್ಟು ಮೈಸೂರಿನ ಬಸ್ಸು ಹತ್ತುವ ಹೆಣ್ಣುಮಗಳಿಗೆ ಅದು ಕನ್ನಡದಲ್ಲಿ, ಬಿಡಿಸಿ ಹೇಳಿದ ಮಾತಾಗಿ ತಲುಪಬೇಕು. ಅರ್ಜಿಯ ಕೆಳಗೆ ಹಾಕಿಸಿಕೊಂಡ ರುಜು ತಿಳಿವಳಿಕೆಯಾಗುವುದಿಲ್ಲ.

ಚಿಕಿತ್ಸೆ ಫಲಿಸದಿದ್ದಾಗ ನಮ್ಮ ಮನೆಗಳಲ್ಲಿ ಆಡುವ ಮಾತು ಕಾತ್ಯಾಯನಿ ತನಗೆ ತಾನೇ ಹೇಳಿಕೊಂಡ ಮಾತೇ. ಹಿಂದೂ ಮನೆಯಲ್ಲಿ ಅದು ಕರ್ಮ, ಮುಸ್ಲಿಂ ಮನೆಯಲ್ಲಿ ತಕ್ದೀರ್. ದೋಷ ಹೊರುವವಳು ಎರಡೂ ಕಡೆ ಸೊಸೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಕಾತ್ಯಾಯನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ನಮ್ಮ ಸೊಸೆಯಂದಿರಿಗೆ ಹೇಳದಿರಲು ನಮಗೆ ಯಾವ ನೆಪವಿದೆ?