ಅವಳ ಹೆಸರಿನ ಕಿಲೋಮೀಟರುಗಳು

ನಾಸಿಕದಿಂದ ಪುಣೆ ರಸ್ತೆ ಹಿಡಿದು ಮೋಹದರಿ ಘಾಟ್ ಹತ್ತಿದರೆ ಸಿನ್ನರ್. ಒಂದು ಕಾಲಕ್ಕೆ ಇದು ಸೇವುಣರ ರಾಜಧಾನಿ. ಕನ್ನಡದಲ್ಲಿ ಶಾಸನ ಹಾಕಿಸಿದ ಅರಸುಮನೆತನ ಅದು. ಅವರ ಕಾಲದ ಗೊಂದೇಶ್ವರ ದೇವಾಲಯ ಇನ್ನೂ ನಿಂತಿದೆ. ಊರು ಮಾತ್ರ ಈಗ ಬೀಡಿ ಕಟ್ಟುವವರದು, ಕಾರ್ಖಾನೆಗಳದು. ಆಷಾಢ ಏಕಾದಶಿಗೆ ಮುಂಚೆ ಈ ತಾಲ್ಲೂಕನ್ನು ಹಾದು ಎರಡು ವಾರಿಗಳು, ಅಂದರೆ ಯಾತ್ರೆಗಳು, ಪಂಢರಪುರಕ್ಕೆ ಹೋಗುತ್ತವೆ. ತ್ರ್ಯಂಬಕೇಶ್ವರದಿಂದ ಹೊರಡುವ ಸಂತ ನಿವೃತ್ತಿನಾಥರ ಪಲ್ಲಕ್ಕಿ ಕಾಲ್ನಡಿಗೆಯಲ್ಲಿ ಬರುತ್ತದೆ. ಇನ್ನೊಂದು ನಾಸಿಕದ ಸೈಕಲ್ ಸವಾರರು 2012ರಲ್ಲಿ ಶುರುಮಾಡಿದ ಸೈಕಲ್ ವಾರಿ, ಸುಮಾರು 350 ಕಿ.ಮೀ. ದಾರಿ.

ದೂರದ ಸವಾರಿಗೆ ಇತ್ತೀಚೆಗೆ ಇನ್ನೊಂದು ಸಂಕಲ್ಪವೂ ಸೇರಿಕೊಂಡಿದೆ. ತೀರಿಕೊಂಡ ಹೆಂಡತಿಯ ಅಥವಾ ಗಂಡನ ಹೆಸರಲ್ಲಿ ಇಷ್ಟು ಕಿಲೋಮೀಟರು ತುಳಿಯುತ್ತೇನೆ ಎಂದು ಗುರಿ ಇಟ್ಟುಕೊಳ್ಳುವುದು; ಆ ಜೀವ ಹುಚ್ಚು ಹಿಡಿಸಿಕೊಂಡಿದ್ದ ತಂಡದ ಜೆರ್ಸಿ ತೊಟ್ಟು ಹೊರಡುವುದು. ಸತ್ತವರ ಹೆಸರು ಬಂದ ಕಡೆ ವಿಮರ್ಶೆ ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದು ನಮ್ಮ ಸೌಜನ್ಯ. ಅದು ನನಗೆ ಒಪ್ಪಿಗೆಯಿಲ್ಲ. ಹಾಡಿನಲ್ಲಿ, ನಾಟಕದಲ್ಲಿ ಇರುವಂತೆ ಇದರಲ್ಲೂ ಗಟ್ಟಿ ಇದೆ, ಜಳ್ಳು ಇದೆ.

ಕನ್ನಡ ನಾಡಿನಲ್ಲಿ ಸಂಗಾತಿಯ ನೆನಪಿಗಿದ್ದ ಹಳೆಯ ರೂಪ ಮಾಸ್ತಿಕಲ್ಲು. ಕಂಬದಿಂದ ಹೊರಚಾಚಿ, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ತೋಳು. ಮುಂಗೈ ತುಂಬ ಬಳೆ. ಗಂಡನ ಹಿಂದೆಯೇ ಸತ್ತವಳಿಗೆ ಆ ಕಲ್ಲು. ಹೆಂಡತಿ ಸತ್ತ ಮೇಲೆ ಬದುಕಿದ್ದು ಅವಳನ್ನು ನೆನೆದ ಗಂಡನಿಗೆ ಯಾರೂ ಕಲ್ಲು ನೆಡಲಿಲ್ಲ. ವರ್ಷ ತುಂಬುವುದರೊಳಗೆ ಇನ್ನೊಂದು ಹೆಣ್ಣು ನೋಡಿದರು, ಅಷ್ಟೇ. ಆ ಹಿನ್ನೆಲೆಯಲ್ಲಿ, ಉಳಿದವನೇ ಬೆವರು ಸುರಿಸಿ ಹೋದವಳನ್ನು ನೆನೆಯುವ ಈ ಪದ್ಧತಿ ನಮಗೆ ಹೊಸದು, ಬೇಕಾದದ್ದು. ಆದರೆ ಹೇಗೆ ನೆನೆಯುತ್ತಾನೆ ಎಂಬುದನ್ನೂ ನೋಡಬೇಕು.

ಆಟದ ಅಭಿಮಾನವನ್ನು ಈ ಕೆಲಸಕ್ಕೆ ಚೆನ್ನಾಗಿ ದುಡಿಸಿಕೊಂಡವರು ಸಿಡ್ನಿಯವರು. ಆಸ್ಟ್ರೇಲಿಯಾದ ಬೌಲರ್ ಗ್ಲೆನ್ ಮೆಕ್‌ಗ್ರಾತ್ ಅವರ ಹೆಂಡತಿ ಜೇನ್ ಸ್ತನ ಕ್ಯಾನ್ಸರಿನಿಂದ 2008ರ ಜೂನ್‌ನಲ್ಲಿ ತೀರಿಕೊಂಡರು. ಗಂಡಹೆಂಡತಿ ಸೇರಿ ಅದಕ್ಕೂ ಮೊದಲೇ ಒಂದು ಪ್ರತಿಷ್ಠಾನ ಕಟ್ಟಿದ್ದರು. 2009ರಿಂದ ಪ್ರತಿ ಹೊಸವರ್ಷದ ಸಿಡ್ನಿ ಟೆಸ್ಟ್ ಗುಲಾಬಿ ಟೆಸ್ಟ್. ಅದರ ಮೂರನೆಯ ದಿನ ಜೇನ್ ಅವರದು. ಅಂದು ಗ್ಯಾಲರಿಯ ಟೋಪಿ, ಸೀರೆ, ಶರಟು, ಬ್ಯಾಟಿನ ಹಿಡಿ ಎಲ್ಲ ಗುಲಾಬಿ. ಸಂಗ್ರಹವಾದ ಹಣ ಕ್ಯಾನ್ಸರ್ ರೋಗಿಗಳ ಜೊತೆ ನಿಲ್ಲುವ ದಾದಿಯರ ಸಂಬಳಕ್ಕೆ ಹೋಗುತ್ತದೆ. ನಮ್ಮ ಕೆ.ಎಲ್. ರಾಹುಲ್ ತನ್ನ ಮೊದಲ ಟೆಸ್ಟ್ ಶತಕ ಹೊಡೆದದ್ದು 2015ರಲ್ಲಿ, ಇದೇ ಗುಲಾಬಿ ಜನಜಂಗುಳಿಯ ಎದುರು. ಮೆಕ್‌ಗ್ರಾತ್ 2010ರಲ್ಲಿ ಮರುಮದುವೆಯಾದರು. ಆದರೂ ಜೇನ್ ದಿನ ನಿಲ್ಲಲಿಲ್ಲ, ಯಾರೂ ಮೂಗು ಮುರಿಯಲಿಲ್ಲ. ಈ ಪದ್ಧತಿಯ ಗಟ್ಟಿತನ ಇರುವುದು ಅಲ್ಲೇ. ನೆನಪಿನ ಭಾರ ವಿಧುರನೊಬ್ಬನ ಹೆಗಲ ಮೇಲಿಲ್ಲ. ಅವನು ಹೊಸ ಬದುಕು ಕಟ್ಟಿಕೊಂಡರೂ ಕೆಲಸ ನಡೆಯುತ್ತದೆ. ಇಂಗ್ಲೆಂಡಿನ ಮಾಜಿ ನಾಯಕ ಆಂಡ್ರ್ಯೂ ಸ್ಟ್ರಾಸ್ ಇದನ್ನೇ ನೋಡಿ ಕಲಿತರು. ಹೆಂಡತಿ ರೂತ್ 2018ರ ಡಿಸೆಂಬರಿನಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದ ಮರುವರ್ಷ ಲಾರ್ಡ್ಸ್ ಕೆಂಪಾಯಿತು. ಅಲ್ಲಿಯ ಹಣದಲ್ಲಿ ಒಂದು ಪಾಲು, ತಾಯಿಯೋ ತಂದೆಯೋ ಸಾಯಲಿರುವ ಮನೆಯ ಮಕ್ಕಳನ್ನು ಆ ಸಾವಿಗೆ ಅಣಿಮಾಡುವ ಕೆಲಸಕ್ಕೆ. ಇಷ್ಟು ನಿರ್ದಿಷ್ಟವಾದ ಕೆಲಸ ಹಿಡಿದ ಸ್ಮಾರಕಗಳು ಕಡಿಮೆ.

ನಮ್ಮಲ್ಲಿ ಅಭಿಮಾನಕ್ಕೇನೂ ಬರವಿಲ್ಲ. ‘ಈ ಸಲ ಕಪ್ ನಮ್ದೇ’ ಎಂದು ಜೋಡಿಯಾಗಿ ಕೂಗಿ, 2025ರ ಜೂನ್ 3ರ ರಾತ್ರಿ ಒಬ್ಬರೇ ಟೀವಿ ಮುಂದೆ ಕೂತವರು ಕರ್ನಾಟಕದ ಊರೂರಲ್ಲಿ ಇದ್ದಿರಬೇಕು. ಆರ್‌ಸಿಬಿ ಕಪ್ ಗೆಲ್ಲಲು ಹದಿನೆಂಟನೇ ಸೀಸನ್ ಬರಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಕುರ್ಚಿ ಖಾಲಿಯಾಗಿರುತ್ತದೆ. ಆದರೆ ಆ ದುಃಖಕ್ಕೆ ಕ್ರೀಡಾಂಗಣದಲ್ಲಿ ಒಂದು ದಿನವಾಗಲಿ, ಒಂದು ಬಣ್ಣವಾಗಲಿ ಇಲ್ಲ. ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ತಂಡವನ್ನು ನೀವು ಪ್ರೀತಿಸಬಹುದು, ಜನಜಂಗುಳಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ.

ಸೈಕಲ್ಲಿಗೆ ಬರೋಣ. ನಾಸಿಕದ ಸುತ್ತ ದೂರದ ಸವಾರಿಯ ಗೀಳಿಗೆ ಕಾರಣವಿದೆ. 2015ರಲ್ಲಿ ಇಲ್ಲಿನ ವೈದ್ಯ ಸೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ ಜೋಡಿಯಾಗಿ ರೇಸ್ ಅಕ್ರಾಸ್ ಅಮೆರಿಕ ಮುಗಿಸಿದರು. 2017ರಲ್ಲಿ ಬೆಂಗಳೂರು ಮೂಲದ, ನಾಸಿಕದಲ್ಲಿದ್ದ ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಅದನ್ನು ಏಕಾಂಗಿಯಾಗಿ ಮುಗಿಸಿದ ಮೊದಲ ಭಾರತೀಯರಾದರು. ಅಮೆರಿಕದ ಈ ತುದಿಯಿಂದ ಆ ತುದಿಗೆ ಹನ್ನೆರಡು ದಿನದೊಳಗೆ! ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ ದುಃಖದಲ್ಲಿರುವವರಿಗೆ ಇದನ್ನು ಮಾದರಿ ಮಾಡಿದರೆ ನಾನು ಒಪ್ಪಲಾರೆ. ಅವರಿಗೆ ಮೊದಲೇ ನಿದ್ದೆಯಿಲ್ಲ. ನಿದ್ದೆಗೆಟ್ಟವನೇ ಮುಂದೆ ಹೋಗುವ ಓಟದಲ್ಲಿ, ಹಿಂದೆ ಕಾರಿನಲ್ಲಿ ಮಕ್ಕಳು, ಗೆಳೆಯರು ಕಾದು ಬರುವಾಗ, ಎಲ್ಲರ ಕಣ್ಣೂ ಸವಾರನ ಮಂಡಿಯ ಮೇಲೆ. ಹೋದವಳು ಸೈಕಲ್ಲಿನ ಚೌಕಟ್ಟಿನ ಮೇಲೊಂದು ಸ್ಟಿಕ್ಕರ್ ಆಗಿಬಿಡುತ್ತಾಳೆ.

ಗೊತ್ತಾದ ದೂರವನ್ನು ಗೊತ್ತಾದ ಸಮಯದೊಳಗೆ ಮುಗಿಸುವ ಬ್ರೆವೆ ಸವಾರಿ ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ಮೊದಲ ಬಹುಮಾನವಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಒಂದೇ ಋತುವಿನಲ್ಲಿ ನಾಲ್ಕೂ ಮುಗಿಸಿದರೆ ಸೂಪರ್ ರ್ಯಾಂಡೊನರ್ ಎಂಬ ಹೆಸರು. ಕೈಯಲ್ಲಿ ಮಡಿಸುವ ಒಂದು ರಟ್ಟಿನ ಕಾರ್ಡು. ನಡುವಿನ ಠಾಣೆಗಳಲ್ಲಿ ಸಮಯ ಬರೆಸಿ ಸಹಿ ಹಾಕಿಸಬೇಕು. ಯಾರೂ ಕೂರದ ಠಾಣೆಯಾದರೆ ಎಟಿಎಂ ಚೀಟಿಯೋ ಹೋಟೆಲ್ ಬಿಲ್ಲೋ ಸಾಕ್ಷಿ. ಆ ಕಾರ್ಡಿನಲ್ಲಿ ‘ಯಾರ ನೆನಪಿಗೆ’ ಎಂಬ ಕಾಲಂ ಇಲ್ಲ. ಅದೇ ನನಗೆ ಇಷ್ಟ. ಸುದ್ದಿ ಮಾಡದೆ ನೆನೆಯಬಹುದು.

ಅಷ್ಟಾದರೂ ಗುರಿಯ ತೊಂದರೆ ತಪ್ಪಿದ್ದಲ್ಲ. ಸಾವಿರ ಕಿ.ಮೀ. ಮುಗಿದ ಮಾರನೆಯ ಬೆಳಗ್ಗೆ ಏನು ಮಾಡುವುದು? ಸಾವಿರದೈನೂರು? ಅಂಕಿ ಏರಿದಂತೆ ಅವಳ ನೆನಪೂ ಏರುತ್ತದೆಯೇ? ಇನ್ನೊಂದು ಮಾತನ್ನು ನುಂಗಿಕೊಳ್ಳುವುದು ಸರಿಯಲ್ಲ. ಹೆಂಡತಿಯ ಹೆಸರಲ್ಲಿ 600 ಕಿ.ಮೀ. ತುಳಿದ ಗಂಡನಿಗೆ ಊರು ಹಾರ ಹಾಕುತ್ತದೆ. ಗಂಡ ಸತ್ತ ಆರು ತಿಂಗಳಿಗೆ ಜೆರ್ಸಿ ತೊಟ್ಟು ಮ್ಯಾಚಿಗೆ ಹೋದ ಹೆಂಗಸಿಗೆ ಅದೇ ಊರು ಏನನ್ನುತ್ತದೆ ಎಂದು ಬರೆಯಬೇಕಿಲ್ಲ, ನಿಮಗೇ ಗೊತ್ತು.

ಹಾಗಾಗಿ ಸಿನ್ನರಿನ ರಸ್ತೆಯ ಮೊದಲ ವಾರಿ, ಆ ಕಾಲ್ನಡಿಗೆಯದು, ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ವಾರಕರಿ ಮನೆಗಳಲ್ಲಿ ವಾರಿ ತಪ್ಪಿಸಬಾರದು. ಒಬ್ಬರು ತೀರಿಕೊಂಡರೆ ಅವರ ವಾರಿಯನ್ನು ಉಳಿದವರು ನಡೆಸುತ್ತಾರೆ. ದಾಖಲೆ ಮುರಿಯುವ ಮಾತೇ ಇಲ್ಲ. ದೂರ ಪ್ರತಿ ವರ್ಷ ಅಷ್ಟೇ, ಏಕಾದಶಿ ಬರುವುದೂ ತಪ್ಪುವುದಿಲ್ಲ. ತಲೆಯ ಮೇಲೆ ತುಳಸಿಕಟ್ಟೆ ಹೊತ್ತು ನಡೆಯುವ ಹೆಂಗಸರಲ್ಲಿ ಗಂಡನನ್ನು ಕಳೆದುಕೊಂಡವರೂ ಇರುತ್ತಾರೆ; ಅವರ ಹಣೆ ನೋಡಿ ಯಾರೂ ದಿಂಡಿಯಿಂದ, ಆ ನಡಿಗೆಯ ತಂಡದಿಂದ, ಹೊರಗೆ ಕಳಿಸುವುದಿಲ್ಲ. ಸೈಕಲ್ ವಾರಿಗೂ ಈ ಗುಣದ ಒಂದು ಪಾಲು ಬಂದಿದೆ, ಅದಕ್ಕೇ ಅದು ಒಂಟಿ ಸಾಹಸಗಳಿಗಿಂತ ಬಾಳಿಕೆಯದು.

ನಿಮ್ಮಲ್ಲಿ ಯಾರಾದರೂ ಇಂಥ ಸಂಕಲ್ಪ ಮಾಡಿಕೊಂಡಿದ್ದರೆ, ಒಮ್ಮೆಗೇ ಸಾವಿರ ಬೇಡ. ಹೋದವರ ದಿನಕ್ಕೆ ವರ್ಷವರ್ಷವೂ ಒಂದು 200 ಇಟ್ಟುಕೊಳ್ಳಿ. ಜೊತೆಗೆ ಒಬ್ಬರನ್ನಾದರೂ ಕರೆದುಕೊಳ್ಳಿ, ಸವಾರಿಯ ಹೆಸರಲ್ಲಿ ಬಂದ ಹಣ ಯಾವ ಕೆಲಸಕ್ಕೆ ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿ. ಪುಣೆ ರಸ್ತೆಯಲ್ಲಿ ರಾತ್ರಿಯೂ ಲಾರಿಗಳು ಓಡುತ್ತವೆ. ಹಿಂದಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡಿ ಹೊರಡಿ.