ಮೊಣಕಾಲು ಬದಲಿಸುವ ದಾರಿಗಳು

ಹುಮನಾಬಾದಿನಲ್ಲಿ ಹೆದ್ದಾರಿ ಹಿಡಿದರೆ ಒಂದು ಕಡೆ ಹೈದರಾಬಾದ್, ಇನ್ನೊಂದು ಕಡೆ ಸೊಲ್ಲಾಪುರ. ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಮನೆಗಳಲ್ಲಿ ಅವ್ವನ ಸವೆದ ಮೊಣಕಾಲಿನ ಮಾತು ಬಂದಾಗ, ಎಲ್ಲಿಗೆ ಒಯ್ಯಬೇಕು ಎಂಬುದರ ಜೊತೆಗೆ ಈಗ ಇನ್ನೊಂದು ಪ್ರಶ್ನೆ ಸೇರಿದೆ: ಆಪರೇಷನ್ ಯಾವ ವಿಧಾನದ್ದು?

ಹಳೆಯ ವಿಧಾನದಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ಕಂಡರವನ್ನು ಸೀಳಿ ಮಂಡಿಚಿಪ್ಪನ್ನು ಬದಿಗೆ ಸರಿಸುತ್ತಾರೆ. ಕೀಲು ಪೂರ್ತಿ ಕಣ್ಣಿಗೆ ಬೀಳುತ್ತದೆ; ಬಹಳ ಸೊಟ್ಟಗಾದ ಕಾಲನ್ನೂ ತಿದ್ದಲು ಕೈಯಾಡುವಷ್ಟು ಜಾಗವಿರುತ್ತದೆ. ಸಬ್‌ವ್ಯಾಸ್ಟಸ್ ವಿಧಾನದಲ್ಲಿ ಆ ಸ್ನಾಯುವನ್ನು ಕೊಯ್ಯದೆ, ಅದರ ಅಡಿಯಿಂದ ಒಳಹೋಗುತ್ತಾರೆ. ಮೊದಲ ದಿನಗಳಲ್ಲಿ ನೋವು ಕಡಿಮೆ, ಕಾಲನ್ನು ಬೇಗ ಎತ್ತಬಹುದು. ಆದರೆ ತಿಂಗಳುಗಳು ಕಳೆದಂತೆ ಈ ಅಂತರ ಕರಗುತ್ತದೆ. ಮೈ ದಪ್ಪವಿದ್ದು ಕೀಲು ಬಿಗಿದಿದ್ದರೆ ಈ ದಾರಿ ಕಷ್ಟದ್ದು.

ಮೂರನೆಯದು ರೋಬೋಟಿನ ದಾರಿ: ಲೆಕ್ಕ ಹಾಕಿದ ಗೆರೆಯಲ್ಲೇ ಮೂಳೆ ಕೊಯ್ಯಲು ಅದು ನೆರವಾಗುತ್ತದೆ. ಆದರೆ 2020ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನವೊಂದು ರೋಗಿಗಳನ್ನು ಕನಿಷ್ಠ 10 ವರ್ಷ ಗಮನಿಸಿ, ಮಂಡಿಯ ಕಾರ್ಯದಲ್ಲಾಗಲಿ ಕೀಲಿನ ಬಾಳಿಕೆಯಲ್ಲಾಗಲಿ ರೋಬೋಟಿನ ಮೇಲುಗೈ ಕಾಣಲಿಲ್ಲ. ಅದು ಹಿಂದಿನ ತಲೆಮಾರಿನ ಯಂತ್ರ, ಒಪ್ಪುತ್ತೇನೆ. ಹೊಸವು ಅಷ್ಟೇ ದೀರ್ಘಕಾಲದ ಪರೀಕ್ಷೆಯಲ್ಲಿ ಗೆಲ್ಲಬೇಕು. ಇನ್ನು ಖರ್ಚಿನ ಮಾತು: ಕೋಬಾಲ್ಟ್-ಕ್ರೋಮಿಯಂ ಕೃತಕ ಕೀಲಿಗೆ ಸರ್ಕಾರ 2017ರ ಆಗಸ್ಟ್‌ನಲ್ಲಿ 54,720 ರೂಪಾಯಿಯ ಮಿತಿ ಹಾಕಿತು. ಆ ಮಿತಿ ಕೀಲಿಗಷ್ಟೇ, ರೋಬೋಟಿನ ಖರ್ಚಿಗೆ ಅನ್ವಯಿಸುವುದಿಲ್ಲ. ಅದಕ್ಕಾಗಿ ಹೊಲ ಅಡವಿಡಿ ಎಂದು ನಾನು ಯಾರಿಗೂ ಹೇಳಲಾರೆ.

ಈ ಸೀಮೆಯ ಬದುಕು ನೆಲಕ್ಕೆ ಅಂಟಿಕೊಂಡದ್ದು. ತೊಗರಿ ಹೊಲದಲ್ಲಿ ಕಸ ತೆಗೆಯಲು ಕುಕ್ಕರುಗಾಲು, ಇಷ್ಟಲಿಂಗ ಪೂಜೆಗೆ ಚಕ್ಕಳಮಕ್ಕಳ. ಕುಕ್ಕರುಗಾಲಲ್ಲಿ ಕೂರಲು ಮಂಡಿ 130 ಡಿಗ್ರಿಗೂ ಮೀರಿ ಮಡಿಯಬೇಕು. ಬದಲಿಸಿದ ಕೀಲು ಸಾಮಾನ್ಯವಾಗಿ 110ರಿಂದ 120ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಪರೇಷನ್ನಿಗೆ ಮುಂಚೆ ಎಷ್ಟು ಮಡಿಯುತ್ತಿತ್ತು ಎಂಬುದೇ ಇಲ್ಲಿ ದೊಡ್ಡ ಮಾತು. ಇದನ್ನು ಮೊದಲೇ ಬಿಡಿಸಿ ಹೇಳುವ ವೈದ್ಯರನ್ನೇ ನಾನು ನಂಬುತ್ತೇನೆ.

ಪೂರ್ತಿಯಾಗಿ ಬದಲಿಸಿದ ಮೊಣಕಾಲುಗಳಲ್ಲಿ ಸುಮಾರು ಶೇಕಡಾ 82ರಷ್ಟು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಲೇಖನ ಅಂದಾಜಿಸಿತು. ಕಾಲು ಶತಮಾನದ ಹಿಂದೆ ಕೂಡಿಸಿದ ಆ ಕೀಲುಗಳ ಹಿಂದಿದ್ದದ್ದು ಬಹುಮಟ್ಟಿಗೆ ಪಳಗಿದ ಕೈ. ಕೀಲಿನ ಎರಡೂ ಬದಿಯ ಬಿಗಿ ಸಮವಾಗಿ, ಕಾಲು ನೆಟ್ಟಗೆ ನಿಂತರೆ ಹಳೆಯ ವಿಧಾನವೇ ಸಾಕು. ಆಮೇಲೆ ಬೇಕಾದದ್ದು ವ್ಯಾಯಾಮ. ಹೈದರಾಬಾದಿನಿಂದ ಮರಳಿದ ಅವ್ವನಿಗೆ ಮುಂದಿನ ವಾರಗಳಲ್ಲಿ ಮಂಡಿ ಮಡಿಸಿ ಚಾಚಲು ಕಲಿಸುವವರು ಹುಮನಾಬಾದಿನಲ್ಲೇ ಸಿಗಬೇಕು. ರೋಬೋಟಿಗೆಂದು ಎತ್ತಿಟ್ಟ ಹಣವನ್ನು ಅಲ್ಲಿ ಹಾಕಿ.